ಮೂರನೇ ತೊಟ್ಟಿಯ ದೀಪ

ಭದ್ರಾವತಿಯ ಹೊರಗಿನ ಆ ರಟ್ಟಿನ ಮಿಲ್ಲಿಗೆ ಮೊದಲ ಸಲ ಹೋದಾಗ ಗೇಟಿನಲ್ಲೇ ವೇಲನ್ನು ಮೂಗಿಗೆ ಒತ್ತಿಕೊಂಡೆ. ಕೊಳೆತ ಮೊಟ್ಟೆಯ ವಾಸನೆ. ಒಳಗೆ ಕರೆದುಕೊಂಡು ಹೋಗಲು ಬಂದಿದ್ದ ಶಿಫ್ಟ್ ಸೂಪರ್‌ವೈಸರ್ ನಕ್ಕರು.

“ವಾಸನೆ ಬರೋ ತನಕ ಪರವಾಗಿಲ್ಲ ಮೇಡಂ. ಬರೋದು ನಿಂತ್ರೆ ಮಾತ್ರ ಓಡ್ಬೇಕು.”

ಹೊಸಬರಿಗೆ ಹೇಳುವ ತಮಾಷೆ ಇರಬೇಕು ಅಂದುಕೊಂಡೆ. ಅಲ್ಲ. ಹಳೇ ಕಾಗದ, ಹರಿದ ರಟ್ಟಿನ ಡಬ್ಬಗಳನ್ನು ನೆನೆಸಿ ಅರೆದ ತಿರುಳನ್ನು ಅಲ್ಲಿ ನೆಲದೊಳಗಿನ ಕಾಂಕ್ರೀಟ್ ತೊಟ್ಟಿಗಳಲ್ಲಿ ತುಂಬಿಡುತ್ತಾರೆ. ಮಿಲ್ಲು ನಾಲ್ಕಾರು ದಿನ ನಿಂತರೆ ತಿರುಳು ಕೊಳೆತು ಗ್ಯಾಸ್ ಕಟ್ಟುತ್ತದೆ. ಸ್ವಲ್ಪ ಇದ್ದಾಗ ನಾರುತ್ತದೆ. ಹೆಚ್ಚಾದರೆ ಮೂಗನ್ನೇ ಮರಗಟ್ಟಿಸಿಬಿಡುತ್ತದೆ, ಆಮೇಲೆ ವಾಸನೆ ಗೊತ್ತಾಗುವುದಿಲ್ಲ. ತಳದಲ್ಲಿ ಗಟ್ಟಿಯಾದ ತಿರುಳನ್ನು ಕೆರೆದು ತೆಗೆಯಲು ಆಗಾಗ ಮನುಷ್ಯರೇ ಇಳಿಯಬೇಕು. ಇಂಥ ತೊಟ್ಟಿಗಳು ಮೂರಿದ್ದವು. ಮೂರನೆಯದು ಎಲ್ಲಕ್ಕಿಂತ ಆಳ.

ಇಳಿಯುವ ಗುಂಪಿಗೆ ಒಬ್ಬ ಮೇಸ್ತ್ರಿ. ಕಂಟ್ರಾಕ್ಟ್ ಕೆಲಸದವರು, ಮನೆಯಲ್ಲಿ ತಮಿಳು, ಹೊರಗೆ ಅಚ್ಚುಕಟ್ಟಾದ ಕನ್ನಡ. ಮೂರನೇ ತೊಟ್ಟಿಯ ಮುಚ್ಚಳದ ಹತ್ತಿರ ನಿಂತು, ನಾನು ಕೇಳದೆಯೇ ಹೇಳಿದರು.

“ನನ್ನ ತಮ್ಮ ಇದ್ರಲ್ಲೇ ಹೋಗಿದ್ದು ಮೇಡಂ. ಕೂಗ್ಲೂ ಇಲ್ಲ. ಇಳಿದ, ಕೂತ, ಮಲಗ್ದ. ಮೇಲಿಂದ ನೋಡ್ತಾನೇ ಇದ್ದೆ.”

ಆ ಸಾವಿನ ನಂತರವೇ ಮಿಲ್ಲಿನವರು ಶಿವಮೊಗ್ಗದ ನಮ್ಮ ಕಾಲೇಜಿಗೆ ಬಂದು, ಇಳಿಯುವ ಮೊದಲೇ ಗ್ಯಾಸ್ ಇದೆಯೋ ಇಲ್ಲವೋ ಹೇಳುವಂಥದ್ದು ಏನಾದರೂ ಮಾಡಿಕೊಡಿ ಎಂದು ಕೇಳಿದ್ದು. ನಮ್ಮ ಪ್ರೊಫೆಸರ್ ಒಪ್ಪಿಕೊಂಡರು. ಅವರ ಪ್ರಯೋಗಾಲಯದಲ್ಲಿ ಪ್ರಾಜೆಕ್ಟ್ ಇಂಜಿನಿಯರ್ ಆಗಿದ್ದ ನನ್ನನ್ನು ಅದಕ್ಕೆ ಹಚ್ಚಿದರು. ಅವತ್ತು ರವೀಂದ್ರನಗರದ ಮನೆಗೆ ಬಂದು ಬಟ್ಟೆಯನ್ನೆಲ್ಲ ಒಗೆಯಲು ಹಾಕಿದರೂ ಆ ವಾಸನೆ ಹೋಗಲಿಲ್ಲ. ಆ ಮನುಷ್ಯ ಮತ್ತೆ ಅದೇ ಏಣಿ ಇಳಿಯುತ್ತಾರಲ್ಲ ಎನ್ನುವುದು ಬಿಟ್ಟರೆ ಬೇರೇನೂ ತಲೆಯಲ್ಲಿ ನಿಲ್ಲಲಿಲ್ಲ.

ಗ್ಯಾಸ್ ಅಳೆಯುವ ಮೀಟರು ಅಂಗಡಿಯಲ್ಲಿ ಸಿಗುತ್ತದೆ, ಇದಕ್ಕೆ ಕಾಲೇಜಿನವರು ಯಾಕೆ ಬೇಕು ಎಂದು ಕೇಳಬಹುದು. ಮಿಲ್ಲಿನವರೂ ಮೊದಲು ತಂತಿ ಎಳೆದು ಅಂಥದ್ದೇ ಒಂದನ್ನು ಹಾಕಿಸಿದ್ದರು. ಆ ಗ್ಯಾಸಿಗೆ ತಾಮ್ರ ಕಂಡರಾಗದು, ತಂತಿಯ ತುದಿಗಳೆಲ್ಲ ಕಪ್ಪಾಗಿ ಉದುರಿದವು. ಉಳಿದಿದ್ದನ್ನು ತೊಳೆಯುವ ಪೈಪಿನ ನೀರು ಕಿತ್ತಿತು, ಅದಕ್ಕೂ ಉಳಿದಿದ್ದನ್ನು ಇಲಿ ಮುಗಿಸಿತು. ತಂತಿಯಿಲ್ಲದ, ಬ್ಯಾಟರಿಯ ಪೆಟ್ಟಿಗೆ ಹಾಕಿದರೆ ಬ್ಯಾಟರಿ ಬದಲಿಸಲು ಪೆಟ್ಟಿಗೆ ಬಿಚ್ಚಬೇಕು. ಒಂದು ಸಲ ಬಿಚ್ಚಿದ ಪೆಟ್ಟಿಗೆ ಆ ತೇವದಲ್ಲಿ ಮತ್ತೆ ಮೊದಲಿನಂತೆ ಮುಚ್ಚಿಕೊಳ್ಳುವುದಿಲ್ಲ.

ಹಾಗಾಗಿ ನಾವು ಮಾಡಿದ್ದು ಗ್ಯಾಸ್ ಮೂಸಲು ಒಂದು ಸಣ್ಣ ಜಾಲರಿಯ ಕಿಂಡಿ ಬಿಟ್ಟರೆ ಎಲ್ಲೂ ತೂತಿಲ್ಲದ, ಸ್ಕ್ರೂ ಇಲ್ಲದ, ಪೂರ್ತಿ ಅಂಟು ತುಂಬಿಸಿ ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆ. ಮುಖದ ಹಿಂದೆ ಒಂದು ತಾಮ್ರದ ಸುರುಳಿ. ಹೊರಗೆ ಚಾರ್ಜರಿನಲ್ಲಿ ಇನ್ನೊಂದು ಸುರುಳಿ. ಎರಡನ್ನೂ ಎದುರುಬದುರು ತಂದರೆ ಪ್ಲಾಸ್ಟಿಕ್ಕಿನ ಗೋಡೆ ದಾಟಿ ವಿದ್ಯುತ್ ಒಳಗೆ ಹೋಗುತ್ತದೆ. ಈಗಿನ ಕೆಲವು ಮೊಬೈಲುಗಳನ್ನು ತಟ್ಟೆಯ ಮೇಲೆ ಇಟ್ಟು ಚಾರ್ಜ್ ಮಾಡುತ್ತಾರಲ್ಲ, ಅದೇ. ಪ್ರತಿ ತೊಟ್ಟಿಗೆ ಎರಡು ಪೆಟ್ಟಿಗೆ. ಗ್ಯಾಸ್ ಭಾರ, ತಳದಲ್ಲಿ ಕೂರುತ್ತದೆ, ಆದ್ದರಿಂದ ಒಂದು ಕೆಳಗೆ, ಇನ್ನೊಂದು ನಡುವೆ. ಎರಡನ್ನೂ ಒಂದು ಪಿವಿಸಿ ಪೈಪಿಗೆ ಕಟ್ಟಿ ಇಳಿಬಿಟ್ಟೆವು. ವಾರಕ್ಕೊಮ್ಮೆ ಮೇಸ್ತ್ರಿ ಹೊರಗೇ ನಿಂತು ಪೈಪನ್ನು ಮೇಲೆಳೆದು, ಪೆಟ್ಟಿಗೆಯ ಮುಖವನ್ನು ಚಾರ್ಜರಿನ ಗೂಡಿಗೆ ಕೂರಿಸಿ, ಊಟ ಮುಗಿಸಿ ಬಂದು ಮತ್ತೆ ಇಳಿಬಿಡಬೇಕು.

ಬರೆಯುವಾಗ ಎಷ್ಟು ಸಲೀಸು. ಗೂಡನ್ನು ಮೊದಲು ಕಬ್ಬಿಣದ ಆಂಗಲ್‌ನಲ್ಲಿ ಮಾಡಿಸಿದ್ದೆ. ಚಾರ್ಜರಿನ ಅಷ್ಟೂ ಶಕ್ತಿಯನ್ನು ಕಬ್ಬಿಣವೇ ನುಂಗಿ ಬಿಸಿಯಾಗಿ ಕೂತಿತು, ಪೆಟ್ಟಿಗೆಗೆ ಏನೂ ದಕ್ಕಲಿಲ್ಲ. ಕಿತ್ತು ಪಿವಿಸಿಯಲ್ಲಿ ಮಾಡಿಸಿದೆ. ಸುರುಳಿಯ ಹಿಂದೆ ಕಾಂತಶಕ್ತಿ ಹೊರಗೆ ಚೆದುರದಂತೆ ತಡೆಯುವ ಫೆರೈಟ್ ಹಾಳೆ ಅಂಟಿಸಿದ ಮೇಲೆ ಸುತ್ತಲಿನ ಕಬ್ಬಿಣದ ಕಾಟ ಕಡಿಮೆಯಾಯಿತು. ಅಷ್ಟರಲ್ಲಿ ಪೆಟ್ಟಿಗೆಯ ಮುಖಕ್ಕೆ ತಿರುಳು ಮೆತ್ತಿಕೊಂಡು ಒಣಗಿ ಗಟ್ಟಿ ರಟ್ಟೇ ಆಗತೊಡಗಿತು. ಸುರುಳಿಗಳ ನಡುವಿನ ಅಂತರ ಒಂದು ಬೆರಳು ಹೆಚ್ಚಾದರೂ ಒಳಗೆ ಹೋಗುವುದು ಪಾಲಿಗೆ ಬಂದಷ್ಟು. ಚಾರ್ಜಿಗೆ ಇಡುವ ಮೊದಲು ಒದ್ದೆ ಬಟ್ಟೆಯಿಂದ ಮುಖ ಒರೆಸಬೇಕು ಎಂದು ಮೇಸ್ತ್ರಿಗೆ ಹೇಳಿಕೊಟ್ಟೆ.

ಒಳಗೆ ಹೋದ ಚಾರ್ಜನ್ನು ಕಾಪಾಡುವುದು ಇನ್ನೊಂದು ಪಾಡು. ಪೆಟ್ಟಿಗೆ ಗ್ಯಾಸ್ ಮೂಸುವುದಕ್ಕೆ ಹೆಚ್ಚು ಖರ್ಚಿಲ್ಲ. ಖರ್ಚೆಲ್ಲ ಮಾತಿಗೆ. ಒದ್ದೆ ಕಾಂಕ್ರೀಟಿನ ಒಳಗಿಂದ ರೇಡಿಯೋದಲ್ಲಿ ಒಂದು ಮಾತು ಹೊರಗೆ ಕಳಿಸಬೇಕೆಂದರೆ ಅದು ಅರಚಬೇಕು. ಅದಕ್ಕೆ ಕೆಳಗಿನ ಪೆಟ್ಟಿಗೆ ನಡುವಿನದಕ್ಕೆ ಹೇಳುವುದು, ನಡುವಿನದು ತೊಟ್ಟಿಯ ಬಾಯಿಯ ಪಕ್ಕ ಗೋಡೆಗೆ ಹಾಕಿದ ಡಬ್ಬಕ್ಕೆ ಹೇಳುವುದು ಎಂದು ಮಾಡಿದೆ. ಉಳಿದ ಹೊತ್ತು ನಿದ್ದೆ. ಎದ್ದು ಮೂಸು, ಗ್ಯಾಸ್ ಇಲ್ಲದಿದ್ದರೆ ಸುಮ್ಮನೆ ಮಲಗು, ಆಗಾಗ ಒಂದು ಸಲ ‘ಇದ್ದೇನೆ’ ಎಂದು ಹೇಳು. ಗ್ಯಾಸ್ ಕಂಡರೆ ಮಾತ್ರ ತಕ್ಷಣ ಕೂಗು.

ತೊಟ್ಟಿಯ ಬಾಯಿಯಲ್ಲಿ ಒಂದು ದೀಪ. ಹಸಿರಿದ್ದರೆ ಇಳಿಯಬಹುದು. ಕೆಂಪಿದ್ದರೆ ಗ್ಯಾಸ್. ಎರಡರಲ್ಲಿ ಒಂದು ಪೆಟ್ಟಿಗೆಯಿಂದಾದರೂ ‘ಇದ್ದೇನೆ’ ಎನ್ನುವ ಮಾತು ಬರುವುದು ನಿಂತರೆ ದೀಪ ಆರುತ್ತದೆ, ಆರಿದ್ದರೆ ಇಳಿಯಕೂಡದು. ಇದನ್ನು ಎಲ್ಲರನ್ನೂ ನಿಲ್ಲಿಸಿ ಹೇಳಿದೆ, ಗೋಡೆಯ ಮೇಲೂ ಬರೆಸಿದೆ.

ಆ ಮಳೆಗಾಲ ಪೂರ್ತಿ ಎಲ್ಲ ನಡೆಯಿತು. ಒಮ್ಮೆ ಮೊದಲನೇ ತೊಟ್ಟಿಯಲ್ಲಿ ಕೆಂಪು ಬಂದು, ಮೀಟರು ಇಳಿಬಿಟ್ಟು ನೋಡಿದರೆ ನಿಜವಾಗಿಯೂ ಗ್ಯಾಸ್ ಇತ್ತು. ಮೇಸ್ತ್ರಿ ಫೋನ್ ಮಾಡಿ, “ಕೆಂಪು ಬಂತು ಮೇಡಂ” ಎಂದರು. ಮಗು ಹುಟ್ಟಿತು ಎನ್ನುವ ದನಿಯಲ್ಲಿ. ಪ್ರೊಫೆಸರ್ ಪೆಟ್ಟಿಗೆಗಳ ನಿದ್ದೆಯ ಲೆಕ್ಕ ತೆಗೆದು ಗ್ರಾಫ್ ಮಾಡಿಸಿ, ಪ್ರಬಂಧ ಬರೆಯಲು ಕೂತರು. ನಾನೂ ಖುಷಿಯಲ್ಲೇ ಇದ್ದೆ, ಸುಳ್ಳು ಯಾಕೆ ಹೇಳಲಿ.

ಒಂದು ಮಾತ್ರ ಸರಿ ಕಾಣಲಿಲ್ಲ. ದೀಪ ಬರುವ ಮೊದಲು ತೊಟ್ಟಿಗೆ ಇಳಿಯುವುದೆಂದರೆ ದೊಡ್ಡ ಸಿದ್ಧತೆ. ಮುಚ್ಚಳ ತೆರೆದಿಡುವುದು, ಬ್ಲೋಯರ್ ಹಾಕಿ ಗಾಳಿ ತುಂಬುವುದು, ಇಳಿಯುವವನ ಸೊಂಟಕ್ಕೆ ಹಗ್ಗ, ಹಗ್ಗ ಹಿಡಿದು ಮೇಲೆ ನಿಲ್ಲಲು ಇಬ್ಬರು. ದೀಪ ಬಂದ ಮೇಲೆ ಒಂದೊಂದೇ ಬಿಟ್ಟುಹೋಯಿತು. ಹಸಿರು ಕಂಡರೆ ಮುಚ್ಚಳ ತೆಗೆದು ಇಳಿಯುವುದೇ. ಸೂಪರ್‌ವೈಸರನ್ನು ಹಿಡಿದು ಕೇಳಿದೆ.

“ದೀಪ ಇದ್ರೂ ಬ್ಲೋಯರ್ ಹಾಕ್ಬೇಕು ಸರ್. ಹಗ್ಗಾನೂ ಬೇಕು.”

“ಅದೆಲ್ಲ ಮಾಡೋದಾದ್ರೆ ದೀಪ ಯಾಕೆ ಮೇಡಂ?” ಎಂದರು. “ಮೊದ್ಲು ಅರ್ಧ ಶಿಫ್ಟ್ ಅದ್ರಲ್ಲೇ ಹೋಗ್ತಿತ್ತು. ನಿಮ್ಮಿಂದ ಈಗ ಆರಾಮಾಗಿದೆ.”

ಹೊಗಳಿಕೆ ಅದು. ಮೈ ಉರಿದುಹೋಯಿತು.

ದಸರಾಕ್ಕೆ ಮಿಲ್ಲು ಮುಚ್ಚಿ ತೆರೆಯಿತು. ಆಮೇಲೆ ಮೂರನೇ ತೊಟ್ಟಿಯ ಕೆಳಗಿನ ಪೆಟ್ಟಿಗೆ ಸೊರಗತೊಡಗಿತು. ಪೆಟ್ಟಿಗೆ ತನ್ನ ಬ್ಯಾಟರಿ ಎಷ್ಟಿದೆ ಎನ್ನುವುದನ್ನೂ ‘ಇದ್ದೇನೆ’ಯ ಜೊತೆ ಹೇಳುತ್ತಿತ್ತು, ಗೋಡೆಯ ಡಬ್ಬ ಅದನ್ನು ಇಂಟರ್‌ನೆಟ್ಟಿನಲ್ಲಿ ಕಳಿಸುತ್ತಿತ್ತು, ನಾನು ಶಿವಮೊಗ್ಗದಲ್ಲಿ ಕೂತು ಪರದೆಯ ಮೇಲೆ ನೋಡುತ್ತಿದ್ದೆ. ಚಾರ್ಜಿಗೆ ಇಟ್ಟ ದಿನ ಗೆರೆ ಮೇಲೇರಬೇಕು. ಐದು ಪೆಟ್ಟಿಗೆಗಳ ಗೆರೆ ಏರಿತು. ಇದರದ್ದು ಏರಲಿಲ್ಲ. ಮೇಸ್ತ್ರಿಗೆ ಫೋನ್ ಮಾಡಿದೆ.

“ಚಾರ್ಜಿಗೆ ಇಟ್ಟಿದ್ರಾ ಮೇಸ್ತ್ರೀ?”

“ಇಟ್ಟಿದ್ದೆ ಮೇಡಂ. ಚಾರ್ಜರ್ ದೀಪ ಚೆನ್ನಾಗಿ ಉರೀತಿತ್ತು.”

“ಮುಖ ಒರೆಸಿದ್ರಾ?”

“ಫಳಫಳ ಅಂತಿದೆ. ಮುಟ್ಟಿ ನೋಡ್ದೆ, ಬೆಚ್ಚಗಾಗಿತ್ತು. ಮೊಬೈಲ್ ಥರ. ಚಾರ್ಜ್ ಆಗಿದೆ ಬಿಡಿ.”

ಮುಂದಿನ ವಾರವೂ ಇದೇ ಮಾತು, ಇದೇ ಗೆರೆ. ಬ್ಯಾಟರಿ ಕೆಟ್ಟಿತೋ, ಒಳಗೆ ತೇವ ಸೇರಿತೋ ಎಂದು ತಲೆ ಕೆಡಿಸಿಕೊಂಡು ಭದ್ರಾವತಿಗೆ ಹೋದೆ. ಪೈಪು ಮೇಲೆಳೆದರು. ಆರೂ ಪೆಟ್ಟಿಗೆಗಳಿಗೆ ಆಯುಧಪೂಜೆಗೆಂದು ಬೆಳ್ಳಿ ಬಣ್ಣ ಬಳಿದಿದ್ದರು. ಬದಿಗೆ ವಿಭೂತಿ ಪಟ್ಟೆ, ಕುಂಕುಮದ ಬೊಟ್ಟು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. “ಯಾರು ಬಳಿಯೋಕೆ ಹೇಳಿದ್ದು ಇದಕ್ಕೆ?” ಎಂದು ಎಲ್ಲರೆದುರೇ ಕೂಗಾಡಿದೆ.

ಮೇಸ್ತ್ರಿ ಕೈ ಕಟ್ಟಿ ನಿಂತರು. “ಹಬ್ಬ ಅಲ್ವಾ ಮೇಡಂ. ಮೋಟರ್‌ಗೆ ಬಳಿದ್ವಿ, ಪಂಪ್‌ಗೆ ಬಳಿದ್ವಿ. ನಮ್ಮ ಜೀವ ಕಾಯೋದು ಇದು. ಇದನ್ನೊಂದು ಬಿಡೋಕಾಗುತ್ತಾ?”

ಬೆಳ್ಳಿ ಬಣ್ಣವೆಂದರೆ ಅಲ್ಯೂಮಿನಿಯಂ ಪುಡಿ. ಅದರ ಪರದೆ ದಾಟಲು ರೇಡಿಯೋ ಇನ್ನೂ ಜೋರಾಗಿ ಅರಚುತ್ತಿದೆ, ಅದಕ್ಕೇ ಬ್ಯಾಟರಿ ಇಳಿಯುತ್ತಿದೆ ಎಂದು ತೀರ್ಮಾನಿಸಿದೆ. ಎಷ್ಟು ಸಮಂಜಸವಾದ ತೀರ್ಮಾನ. ಉಳಿದ ಐದಕ್ಕೂ ಅದೇ ಬಣ್ಣವಿದೆಯಲ್ಲ, ಅವು ಯಾಕೆ ಸೊರಗಲಿಲ್ಲ ಎನ್ನುವ ಪ್ರಶ್ನೆಗೆ ಉತ್ತರ ಸಿದ್ಧವಿತ್ತು, ಇದು ಎಲ್ಲಕ್ಕಿಂತ ಆಳದಲ್ಲಿದೆ. ಆಂಟೆನಾ ಇದ್ದ ಬದಿಯ ಬಣ್ಣವನ್ನೆಲ್ಲ ಬ್ಲೇಡಿನಿಂದ ಕೆರೆದೆ. ಚಾರ್ಜಿಗೆ ಇಟ್ಟೆ. ಚಾರ್ಜರಿನ ದೀಪ ಉರಿಯಿತು. ಮುಟ್ಟಿದರೆ ನಿಜವಾಗಿಯೂ ಬೆಚ್ಚಗಿತ್ತು. ಸಮಾಧಾನದಿಂದ ಬಸ್ಸು ಹತ್ತಿದೆ.

ಗೆರೆ ಏರಲಿಲ್ಲ.

ಪೆಟ್ಟಿಗೆಯನ್ನು ಕಿತ್ತು ಲ್ಯಾಬಿಗೆ ತರಬೇಕಿತ್ತು. ತಂದರೆ ಮೂರನೇ ತೊಟ್ಟಿಯ ತಳಕ್ಕೆ ಕಣ್ಣಿಲ್ಲ. ಇದ್ದ ಒಂದು ಹೆಚ್ಚುವರಿ ಪೆಟ್ಟಿಗೆಯನ್ನು ಪ್ರೊಫೆಸರ್ ಯಾವುದೋ ಪ್ರದರ್ಶನಕ್ಕೆ ಕಳಿಸಿದ್ದರು. ಅದು ವಾಪಸ್ ಬರಲಿ, ಅಲ್ಲಿಯವರೆಗೆ ಇದನ್ನು ಹೇಗಾದರೂ ಉಸಿರು ಹಿಡಿಸಿ ಇಟ್ಟುಕೊಳ್ಳೋಣ ಅಂದುಕೊಂಡೆ. ಕೂತಲ್ಲಿಂದಲೇ ಅದರ ನಿದ್ದೆ ಹೆಚ್ಚಿಸಿದೆ, ಮಾತು ಕಡಿಮೆ ಮಾಡಿದೆ. ಇಳಿಯುತ್ತಿದ್ದ ಗೆರೆ ನಿಧಾನವಾಯಿತು. ಇನ್ನಷ್ಟು ನಿದ್ದೆ ಹೆಚ್ಚಿಸಿದೆ. ಪ್ರೊಫೆಸರ್ ಬಂದು ಪರದೆ ನೋಡಿ, “ಪರವಾಗಿಲ್ವಲ್ಲ ಮಾರಾಯ್ತಿ, ಇಷ್ಟು ಕಡಿಮೇಲಿ ಇಷ್ಟು ದಿನ ಬದುಕಿದೆ. ಇದನ್ನೂ ಪೇಪರಿಗೆ ಸೇರಿಸು” ಎಂದರು. ಸಾಯುತ್ತಿರುವವರ ಮಿತಾಹಾರ ಕಂಡು ಮೆಚ್ಚಿದ ಹಾಗಿತ್ತು ಅದು. ಆದರೂ ಸೇರಿಸಿದೆ.

ಅದು ಸತ್ತ ಬೆಳಿಗ್ಗೆ ನಾನು ಇನ್ನೂ ಲ್ಯಾಬಿಗೆ ಹೋಗಿರಲಿಲ್ಲ. ತಿಂಡಿ ತಿನ್ನುತ್ತಿದ್ದೆ. ಸೂಪರ್‌ವೈಸರ್ ಫೋನು.

“ಮೇಡಂ, ಮೂರನೇ ತೊಟ್ಟಿ ಲೈಟ್ ಯಾಕೆ ಆರಿತ್ತು ಅಂತ ಮಾಲೀಕರು ಕೇಳ್ತಿದಾರೆ.”

“ಆರಿದ್ರೆ ಇಳೀಬೇಡಿ ಅಂತ ಹೇಳಿದೀನಲ್ಲ.”

“ಇಳಿದಾಯ್ತು ಮೇಡಂ” ಎಂದರು.

ಬೆಳಿಗ್ಗೆ ಅಲ್ಲಿ ಕರೆಂಟು ಹೋಗಿತ್ತು. ಮೂರೂ ದೀಪ ಆರಿದ್ದವು. ಕರೆಂಟು ಬಂದಾಗ ಎರಡು ಹತ್ತಿಕೊಂಡವು, ಮೂರನೆಯದು ಹತ್ತಲಿಲ್ಲ. ನಮ್ಮ ಊರುಗಳಲ್ಲಿ ದೀಪ ಆರಿದೆ ಎಂದರೆ ಅದಕ್ಕೆ ಎರಡೇ ಅರ್ಥ, ಒಂದೋ ಕರೆಂಟಿಲ್ಲ, ಇಲ್ಲವೇ ಬಲ್ಬು ಹೋಗಿದೆ. ಹುಟ್ಟಿದಾಗಿನಿಂದ ನಾನೂ ಹಾಗೇ ಅಂದುಕೊಂಡು ಬೆಳೆದವಳು. ಆರಿದ ದೀಪ ಏನನ್ನೋ ಹೇಳುತ್ತದೆ ಎಂದು ಗೋಡೆಯ ಮೇಲೆ ಬರೆಸಿದರೆ ಯಾರು ನಂಬುತ್ತಾರೆ? ಸೂಪರ್‌ವೈಸರ್ “ಬಲ್ಬ್ ಹೋಗಿರ್ಬೇಕು, ಎಲೆಕ್ಟ್ರಿಷಿಯನ್‌ಗೆ ಹೇಳ್ತೀನಿ” ಎಂದರಂತೆ. ಮೇಸ್ತ್ರಿ ಇಳಿದರು. ಹಗ್ಗವಿರಲಿಲ್ಲ, ಬ್ಲೋಯರ್ ಇರಲಿಲ್ಲ.

ಕೆಳಗಿನ ಮೆಟ್ಟಿಲಿಗೆ ಹೋಗುವ ಮೊದಲೇ ಕುಸಿದರು. ಅಂಗಿ ಏಣಿಗೆ ಸಿಕ್ಕಿಕೊಂಡಿದ್ದರಿಂದ ತಿರುಳಿನೊಳಗೆ ಬೀಳಲಿಲ್ಲ. ಮೇಲಿದ್ದವರು ರಟ್ಟಿನ ಮೂಟೆ ಎಳೆಯುವ ಉದ್ದನೆಯ ಕೊಕ್ಕೆ ತಂದು, ಸಿಕ್ಕ ಕಡೆ ಹಾಕಿ ಎಳೆದರು. ಭುಜ ಹರಿಯಿತು, ಜೀವ ಮೇಲೆ ಬಂತು. ಮೊದಲು ಭದ್ರಾವತಿಯಲ್ಲಿ ತೋರಿಸಿ, ಅಲ್ಲಿಂದ ಶಿವಮೊಗ್ಗಕ್ಕೆ ತಂದರು.

ನಾನು ಆಸ್ಪತ್ರೆಗೆ ಹೋಗಬೇಕಿತ್ತು. ಕಾಲು ಬರಲಿಲ್ಲ. ಮಿಲ್ಲಿಗೆ ಹೋದೆ. ಪೈಪು ಎಳೆಸಿ, ಪೆಟ್ಟಿಗೆ ಬಿಚ್ಚಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಲ್ಯಾಬಿಗೆ ತಂದೆ. ಪಕ್ಕದಲ್ಲಿ ಕೂತಿದ್ದವರು ವಾಸನೆಗೆ ಎದ್ದು ಹೋದರು.

ಕೊಯ್ಯಲು ಮುಖದ ಅಂಚಿಗೆ ಬ್ಲೇಡು ಹಾಕಿದೆ. ಪ್ಲಾಸ್ಟಿಕ್ಕಿಗೆ ಬ್ಲೇಡು ತಾಗಿದರೆ ಬರುವ ಸದ್ದಲ್ಲ. ಕಿರ್ರೆಂದಿತು. ಬೆಳ್ಳಿ ಬಣ್ಣ ಕೆರೆದೆ. ಕೆಳಗೆ ಕೆಂಪಗೆ ಹೊಳೆಯಿತು. ಮುಖದ ತುಂಬ, ಅಂಚಿಗೆ ಸರಿಯಾಗಿ, ಒಂದು ತಾಮ್ರದ ತಗಡು ಅಂಟಿಸಿತ್ತು. ಬಿಡಿಸಿ ತಿರುಗಿಸಿದರೆ ಮೇಲೆ ಗೆರೆ, ಚೌಕ, ಅಕ್ಷರ, ಗೀರುಗಳ ಸಂದಿಯಲ್ಲಿ ಕುಂಕುಮ. ಅಂಗಡಿ ಬಾಗಿಲಿಗೆ, ಹೊಸ ಲಾರಿಗೆ ಮಂತ್ರಿಸಿ ಕಟ್ಟಿಸುತ್ತಾರಲ್ಲ, ಅಂಥದ್ದು.

ಎರಡು ಸುರುಳಿಗಳ ನಡುವೆ ತಾಮ್ರದ ತಗಡು ಇಟ್ಟರೆ ಆಯಿತು, ಕಥೆ ಮುಗಿದ ಹಾಗೆ. ಹೊರಗಿನ ಸುರುಳಿಯಿಂದ ಬಂದದ್ದನ್ನೆಲ್ಲ ತಗಡೇ ಹೀರಿ ಬೆಚ್ಚಗಾಗುತ್ತದೆ, ಒಳಗೆ ಒಂದು ಹನಿಯೂ ಹೋಗುವುದಿಲ್ಲ. ನಮ್ಮ ಚಾರ್ಜರಿನ ದೀಪಕ್ಕೆ ಗೊತ್ತಿದ್ದದ್ದು ಹೊರಗಿನ ಸುರುಳಿ ವಿದ್ಯುತ್ತು ಎಳೆಯುತ್ತಿದೆ ಎನ್ನುವುದಷ್ಟೇ. ಎಳೆದದ್ದು ಯಾರ ಹೊಟ್ಟೆಗೆ ಹೋಯಿತು ಎನ್ನುವುದು ಅದಕ್ಕೆ ಗೊತ್ತಿಲ್ಲ. ಮೇಜಿನ ಮೇಲೆ ಎಲ್ಲವನ್ನೂ ಜೋಡಿಸಿ ನೋಡಿದೆ. ತಗಡು ಇಟ್ಟರೆ ದೀಪ ಉರಿಯುತ್ತದೆ, ಬೆಚ್ಚಗಾಗುತ್ತದೆ, ಬ್ಯಾಟರಿ ಖಾಲಿ. ತಗಡು ತೆಗೆದರೆ ಅದೇ ಸತ್ತ ಪೆಟ್ಟಿಗೆ ಸ್ವಲ್ಪ ಹೊತ್ತಿನಲ್ಲೇ ಎದ್ದು ‘ಇದ್ದೇನೆ’ ಎಂದಿತು. ಮೇಜಿಗೆ ತಲೆ ಇಟ್ಟು ಅತ್ತೆ.

ಯಾರು ಅಂಟಿಸಿದ್ದು ಎಂದು ಮಿಲ್ಲಿನಲ್ಲಿ ವಿಚಾರಿಸುವ ಕಷ್ಟವೂ ಬರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಹಬ್ಬದ ದಿನ ಮೇಸ್ತ್ರಿಯೇ ತಂದು, ಮೂರನೇ ತೊಟ್ಟಿಯ ಕೆಳಗಿನ ಪೆಟ್ಟಿಗೆಗೆ ಮಾತ್ರ ಅಂಟಿಸಿ, ಯಾರೂ ಕದಿಯದಿರಲಿ ಎಂದು ಮೇಲೆ ಬಣ್ಣ ಬಳಿದಿದ್ದರು. ತಮ್ಮ ಬಿದ್ದ ಜಾಗ ಅದು.

ಮಾಲೀಕರ ಕೋಣೆಯಲ್ಲಿ ಸೇರಿದೆವು. ಪ್ರೊಫೆಸರ್ ಬಂದಿದ್ದರು. ಸೂಪರ್‌ವೈಸರ್ ಮೊದಲು ಬಾಯಿ ತೆರೆದರು. “ಅವನೇ ಮಾಡ್ಕೊಂಡಿದ್ದು ಸರ್. ನಮ್ಮ ತಪ್ಪೇನಿದೆ?”

ಮಾಲೀಕರು ಕೆಟ್ಟವರಲ್ಲ. ಮೇಸ್ತ್ರಿಯ ಔಷಧಿ ನೋಡಿಕೊಳ್ಳಲು ಜನ ಇಟ್ಟಿದ್ದರು. “ತಗಡು ತೆಗೆದಾಯ್ತಲ್ಲ ಮೇಡಂ” ಎಂದರು. “ಇನ್ನೇನು ತೊಂದ್ರೆ? ಮತ್ತೆ ಇಳಿಬಿಡಿ. ಮುಂದಿನ ತಿಂಗಳು ನಮ್ಮ ದೊಡ್ಡ ಗಿರಾಕಿ ಫ್ಲೈಟಲ್ಲಿ ಬಂದು ಸೋಗಾನೆ ಏರ್‌ಪೋರ್ಟಿಂದ ನೇರ ಇಲ್ಲಿಗೇ ಬರ್ತಾರೆ. ಸೇಫ್ಟಿ ಏನ್ ಮಾಡಿದೀರಿ ಅಂತಾನೇ ಅವ್ರು ಮೊದ್ಲು ಕೇಳೋದು.”

“ಹಾಕ್ತೀನಿ. ಆದ್ರೆ ಪೆಟ್ಟಿಗೆ ಮಾತಾಡ್ದೇ ಇದ್ರೆ ದೀಪ ಆರಲ್ಲ, ಕೆಂಪಾಗುತ್ತೆ. ಕೆಂಪಾದ್ರೆ ಯಾರೂ ಇಳೀಬಾರ್ದು. ಹಸಿರಿದ್ರೂ ಬ್ಲೋಯರ್, ಹಗ್ಗ ಎರಡೂ ಇರ್ಬೇಕು.”

“ವಾರಕ್ಕೆ ಎಷ್ಟು ಸಲ ಕೆಂಪಾಗ್ಬೋದು?”

ತಿರುಳು ಮೆತ್ತಿಕೊಂಡರೆ ಆಗುತ್ತದೆ, ಗೂಡಿನಲ್ಲಿ ಸರಿಯಾಗಿ ಕೂರದಿದ್ದರೆ ಆಗುತ್ತದೆ, ರೇಡಿಯೋ ತಪ್ಪಿದರೆ ಆಗುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಮಾಲೀಕರು ತಲೆ ಅಲ್ಲಾಡಿಸಿದರು. “ಕೆಂಪು ಅಂದ್ರೆ ಮಿಲ್ಲು ನಿಂತ್ಹಾಗೆ. ಮೊದ್ಲಿನ ಥರ ಆರ್ಲಿ ಬಿಡಿ. ಆರಿದ್ರೆ ಇಳೀಬೇಡಿ ಅಂತ ನಾನೇ ಹೇಳ್ತೀನಿ.”

ಅವರು ಹೇಳುತ್ತಾರೆ. ಮುಂದಿನ ಸಲ ಕರೆಂಟು ಹೋದಾಗ ಸೂಪರ್‌ವೈಸರ್ ಮತ್ತೆ ಬಲ್ಬು ಹೋಗಿದೆ ಎನ್ನುತ್ತಾರೆ. ನಮ್ಮ ದೀಪ ಇರುವವರೆಗೆ ಇಲ್ಲಿ ಯಾರೂ ಹಗ್ಗ ಕಟ್ಟುವುದಿಲ್ಲ, ಬ್ಲೋಯರ್ ಹಾಕುವುದಿಲ್ಲ ಎಂದು ನನಗೆ ಅನ್ನಿಸಿತು. ದೀಪವಿಲ್ಲದಿದ್ದರೆ ಭಯವಾದರೂ ವಾಪಸ್ ಬರುತ್ತದೆ.

“ಹಾಗಾದ್ರೆ ನಾನು ಎಲ್ಲಾ ಬಿಚ್ಕೊಂಡು ಹೋಗ್ತೀನಿ ಸರ್. ದೀಪಾನೂ” ಎಂದೆ.

ಹೊರಗೆ ಬಂದ ಮೇಲೆ ಪ್ರೊಫೆಸರ್ ಸಿಡಿದರು. “ಅಲ್ಲ ಮಾರಾಯ್ತಿ, ತಪ್ಪು ಎಲ್ಲಿದೆ ಅಂತ ಸಿಕ್ಕಾಯ್ತು. ನಡುವೆ ಲೋಹ ಬಂದ್ರೆ ಚಾರ್ಜರ್ ತಾನೇ ನಿಲ್ಲೋ ಹಾಗೆ ಮಾಡು, ಮುಗೀತು. ಇಷ್ಟು ದೂರ ಬಂದು ಬಿಚ್ಕೊಂಡು ಹೋಗೋದಾ?”

“ಸರ್, ಬೆಚ್ಚಗಿದ್ರೆ ಚಾರ್ಜ್ ಆಗಿದೆ ಅಂತ ಅವ್ರು ನಂಬ್ತಾರೆ. ನಾನೂ ಮುಟ್ಟಿ ನೋಡಿ ನಂಬಿದೆ. ಇನ್ನೇನು ನಂಬ್ತಾರೋ ನಂಗೆ ಗೊತ್ತಿಲ್ಲ.”

“ಕೆಲ್ಸಾನೂ ಇದ್ರ ಜೊತೆ ಹೋಗುತ್ತೆ, ಗೊತ್ತಿದೆಯಲ್ಲ?”

ಗೊತ್ತಿತ್ತು. ನನ್ನ ಹುದ್ದೆ ಆ ಪ್ರಾಜೆಕ್ಟಿಗೆ ಕಟ್ಟಿದ್ದು. ಆದರೆ ಆವತ್ತು ಅದಕ್ಕೆ ಅಳು ಬರಲಿಲ್ಲ, ಇದ್ದ ಅಳುವೆಲ್ಲ ಲ್ಯಾಬಿನ ಮೇಜಿನ ಮೇಲೆ ಆಗಲೇ ಖರ್ಚಾಗಿತ್ತು.

ಮಾರನೇ ದಿನ ಹೋಗಿ ಬಿಚ್ಚಿದೆ. ಮೊದಲನೇ ತೊಟ್ಟಿ, ಎರಡನೇ ತೊಟ್ಟಿ, ಮೂರನೆಯದು. ಪೈಪು, ಗೂಡು, ದೀಪ, ಗೋಡೆಯ ಡಬ್ಬ. ಒಳ್ಳೆಯ ಸ್ಥಿತಿಯಲ್ಲಿದ್ದ ಐದು ಪೆಟ್ಟಿಗೆಗಳು ಚೀಲದೊಳಗೂ ‘ಇದ್ದೇನೆ, ಇದ್ದೇನೆ’ ಎನ್ನುತ್ತಿದ್ದವು, ಹತ್ತಿರವೇ ಇದ್ದ ನನ್ನ ಫೋನಿಗೆ ನೇರವಾಗಿ ಬರುತ್ತಿತ್ತು. ಇಳಿಯುವ ಗುಂಪಿನವರು ದೂರದಲ್ಲಿ ನಿಂತು ನೋಡಿದರು. ಯಾರೂ ಸಹಾಯಕ್ಕೆ ಬರಲಿಲ್ಲ. ಏಣಿಯೊಂದನ್ನು ನಾನೇ ಎಳೆದುಕೊಂಡ ಶಬ್ದ ಇಡೀ ಶೆಡ್ಡಿಗೆ ಕೇಳಿಸಿತು.

ಆಮೇಲೆ ಆಸ್ಪತ್ರೆಗೆ ಹೋದೆ. ಸಂಜೆಯ ಭೇಟಿಯ ಹೊತ್ತು, ವಾರ್ಡಿನ ತುಂಬ ಜನ. ಮೇಸ್ತ್ರಿ ದಿಂಬಿಗೆ ಒರಗಿ ಕೂತಿದ್ದರು. ಭುಜಕ್ಕೆ ಪಟ್ಟಿ, ಮಾತಾಡಿದರೆ ಕೆಮ್ಮು. ಹೆಂಡತಿ ಸ್ಟೂಲು ಬಿಟ್ಟುಕೊಟ್ಟು ಎದ್ದು ನಿಂತರು. ಮೇಸ್ತ್ರಿಯ ಮುಖ ಅರಳಿತು. ಅದನ್ನು ನೋಡಲಾಗಲಿಲ್ಲ.

“ಬನ್ನಿ ಮೇಡಂ. ಡಾಕ್ಟ್ರೇ ಹೇಳಿದ್ರು, ಇಷ್ಟು ಹೊತ್ತು ಒಳಗಿದ್ದವ್ರು ಬದುಕೋದು ಅಪರೂಪ ಅಂತೆ.” ಕೆಮ್ಮಿದರು. “ಹಬ್ಬಕ್ಕೆ ಆ ಪೆಟ್ಟಿಗೆಗೆ ಒಂದು ತಗಡು ಹಾಕ್ಸಿದ್ದೆ. ನಿಮ್ಗೆ ಹೇಳಿರ್ಲಿಲ್ಲ, ಬೈತೀರಾ ಅಂತ. ಅದೇ ಕಾದಿದ್ದು ನನ್ನ.”

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. “ಇನ್ನೆರಡು ತೊಟ್ಟಿಗೂ ತಗಡು ಮಾಡ್ಸಿದೀನಿ” ಎಂದರು. “ಇವ್ರು ವಾಪಸ್ ಹೋದ್ಮೇಲೆ ಹಾಕ್ಲಿ ಅಂತ.”

ಸುಮ್ಮನಿದ್ದುಬಿಡಬಹುದಿತ್ತು. ಪೆಟ್ಟಿಗೆಗಳನ್ನೇ ಬಿಚ್ಚಿಯಾಗಿತ್ತು, ತಗಡು ಇನ್ನು ಯಾರಿಗೂ ಏನೂ ಮಾಡುವ ಹಾಗಿರಲಿಲ್ಲ. ಈ ಮನುಷ್ಯನಿಗೆ ಉಳಿದಿದ್ದ ಒಂದು ಧೈರ್ಯ ಅದು. ಆದರೆ ಸೂಪರ್‌ವೈಸರ್ ಬಾಯಲ್ಲಿ ಅದು ಇವರ ಕಿವಿಗೆ ಬೀಳುವುದು ಖಂಡಿತ, ‘ನೀನೇ ಮಾಡ್ಕೊಂಡಿದ್ದು’ ಎಂದು. ಅದಕ್ಕಿಂತ ನಾನು ಹೇಳುವುದು ವಾಸಿ ಅನ್ನಿಸಿತು. ಹೇಳಿದೆ. ಎರಡು ಸುರುಳಿ, ನಡುವೆ ತಾಮ್ರ, ಬೆಚ್ಚಗಾಗುವುದು, ಒಳಗೆ ಹೋಗದಿರುವುದು. ಇದು ನಿಮ್ಮ ತಪ್ಪಲ್ಲ, ತಗಡು ಅಡ್ಡ ಬಂದರೂ ಚಾರ್ಜ್ ಆಗುತ್ತಿದೆ ಎನ್ನುವ ಚಾರ್ಜರ್ ಮಾಡಿದ್ದು ನಾವು ಎಂದೂ ಹೇಳಿದೆ. ಹೆಂಡತಿ ನಡುವೆಯೇ ಕಿಟಕಿಯ ಕಡೆ ತಿರುಗಿದರು.

ಮೇಸ್ತ್ರಿ ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು.

“ಅಂದ್ರೆ ಪೆಟ್ಟಿಗೆ ಸರಿಯಾಗೇ ಇತ್ತು?”

“ಇತ್ತು.”

“ತಗಡು ಇಲ್ದೇ ಇದ್ದಿದ್ರೆ ಆವತ್ತು ಕೆಂಪು ತೋರಿಸ್ತಿತ್ತು?”

“ತೋರಿಸ್ತಿತ್ತು.”

“ಈಗ ತಗಡು ತೆಗೆದ್ರಿ. ಹಾಕಿದೀರಾ ವಾಪಸ್ಸು?”

“ಇಲ್ಲ ಮೇಸ್ತ್ರೀ. ಎಲ್ಲಾ ಬಿಚ್ಕೊಂಡು ಬಂದೆ.”

ಅವರು ತಲೆ ಎತ್ತಿದರು. ಸಿಟ್ಟಿರಲಿಲ್ಲ, ನಿಜವಾಗಿಯೂ ಅರ್ಥವಾಗದವರ ಮುಖ. “ಯಾಕೆ ಮೇಡಂ? ಎದ್ದ ಮೇಲೆ ನಾನು ಅಲ್ಲಿಗೇ ಇಳೀಬೇಕಲ್ಲ.”

ದೀಪ ನೋಡಿ ಜನ ಮೈಮರೆತರು, ಇನ್ನು ಮೊದಲಿನ ಹಾಗೆ ಬ್ಲೋಯರ್ ಹಾಕುತ್ತಾರೆ, ಹಗ್ಗ ಕಟ್ಟುತ್ತಾರೆ, ಇಬ್ಬರು ಮೇಲೆ ನಿಲ್ಲುತ್ತಾರೆ ಎಂದು ಶುರು ಮಾಡಿದೆ. ಮಾಲೀಕರ ಕೋಣೆಯಲ್ಲಿ ಎಷ್ಟು ಗಟ್ಟಿಯಾಗಿದ್ದ ಮಾತು. ಮೇಸ್ತ್ರಿ ಕೊನೆಯವರೆಗೂ ಕೇಳಿಸಿಕೊಂಡರು.

“ನನ್ನ ತಮ್ಮ ಇಳಿದಾಗ ಬ್ಲೋಯರ್ ಹಾಕಿದ್ವಿ ಮೇಡಂ” ಎಂದರು. “ಹಗ್ಗಾನೂ ಇತ್ತು. ಎಳೆದು ಮೇಲೆ ತರೋಷ್ಟ್ರಲ್ಲಿ ಉಸಿರು ನಿಂತಿತ್ತು. ಹಗ್ಗ ಹಿಡ್ಕೊಂಡಿದ್ದು ನಾನೇ.”

ಭೇಟಿಯ ಹೊತ್ತು ಮುಗಿಯಿತೆಂದು ನರ್ಸ್ ಬಂದು ಹೇಳಿದರು. ನಾನು ಏಳಲಿಲ್ಲ, ಮೇಸ್ತ್ರಿಯೂ ಹೋಗಿ ಎನ್ನಲಿಲ್ಲ.